ಬೋರಿಬಂದರಿನ ಹೆಬ್ಬಾಗಿಲು

ಹಿಂದಿನ ಕಾಲದಲ್ಲಿ ಒಂದು ಪಟ್ಟಣದ ಯೋಗ್ಯತೆಯನ್ನು ಅದರ ಕೋಟೆಯ ಬಾಗಿಲಿನಲ್ಲಿ ಅಳೆಯುತ್ತಿದ್ದರು. ದೂರದಿಂದ ನಡೆದು ಬಂದ ದಾರಿಗನು ಬಾಗಿಲಿನ ಎತ್ತರವನ್ನೂ, ಅದರ ಮೇಲಿನ ಕೆತ್ತನೆಯನ್ನೂ, ಕಾವಲುಗಾರರ ಠೀವಿಯನ್ನೂ ನೋಡಿ, ಒಳಗಿರುವ ಊರು ಎಂಥದೆಂದು ಮನಸ್ಸಿನಲ್ಲಿಯೇ ಲೆಕ್ಕಹಾಕಿಕೊಳ್ಳುತ್ತಿದ್ದನು. ಕೋಟೆಗಳ ಕಾಲ ಮುಗಿದು ಹೊಗೆಬಂಡಿಯ ಕಾಲ ಬಂದಮೇಲೆ, ಆ ಬಾಗಿಲಿನ ಅಧಿಕಾರವು ರೈಲ್ವೇ ಸ್ಟೇಷನ್ನಿಗೆ ಸಂದಿತು. ಇಂದು ನಾವು ಮಾತನಾಡಬೇಕೆಂದಿರುವುದು ಅಂಥ ಹೆಬ್ಬಾಗಿಲುಗಳಲ್ಲಿ ಬಹಳ ದೊಡ್ಡದಾದ ಒಂದನ್ನು ಕುರಿತು. ಅದು ಮುಂಬಯಿಯ ಬೋರಿಬಂದರಿನಲ್ಲಿದೆ. ನಮ್ಮ ಹಿರಿಯರು ಅದನ್ನು ವಿಕ್ಟೋರಿಯಾ ಟರ್ಮಿನಸ್ ಎಂದು ಕರೆದರು. ಈಗಿನ ಸರ್ಕಾರಿ ಹೆಸರು ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್.

ಈ ವಿಷಯವನ್ನೇ ಆರಿಸಿಕೊಂಡುದಕ್ಕೆ ಒಂದು ಕಾರಣವುಂಟು. ಕೆಲವು ವರ್ಷಗಳ ಹಿಂದೆ ನಮ್ಮ ಕಾಲೇಜಿನ ವಿದ್ಯಾರ್ಥಿಗಳನ್ನು ಕರೆದುಕೊಂಡು ನಾವು ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಮುಂಬಯಿಗೆ ಹೋಗಿದ್ದೆವು. ಗುಂತಕಲ್ಲು, ರಾಯಚೂರು, ವಾಡಿ, ಕಲಬುರಗಿ, ಸೊಲ್ಲಾಪುರ, ಪುಣೆ ಇವುಗಳನ್ನು ದಾಟಿ ಆ ಗಾಡಿಯು ಮರುದಿನ ದೀಪ ಹಚ್ಚಿದ ಮೇಲೆ ನಮ್ಮನ್ನು ಅಲ್ಲಿ ಇಳಿಸಿತು. ಆ ರಾತ್ರಿ ಜನದ ನೂಕುನುಗ್ಗಲಿನಲ್ಲಿ ನಮಗೆ ಕಟ್ಟಡವೇನೂ ಕಾಣಲಿಲ್ಲ. ಪೆಟ್ಟಿಗೆಗಳನ್ನೂ ಹುಡುಗರನ್ನೂ ಎಣಿಸುವುದೇ ದೊಡ್ಡ ಕೆಲಸವಾಯಿತು. ಎರಡನೆಯ ದಿನ ಹಗಲಿನಲ್ಲಿ ಬಂದು, ಅನುಮತಿ ಪಡೆದು, ಕಚೇರಿಯ ಭಾಗವನ್ನು ಒಳಹೊಕ್ಕು ನೋಡಿದೆವು. ನಡುವಿನ ಗುಮ್ಮಟದ ಕೆಳಗೆ, ಆ ವಿಶಾಲವಾದ ಮೆಟ್ಟಲುಗಳ ಬಳಿ ನಿಂತು ನಾವು ಗಾಥಿಕ್ ಕಮಾನಿನ ಲಕ್ಷಣವನ್ನು ವಿವರಿಸುತ್ತಿದ್ದಾಗ, ವಿಜಯಪುರದ ಕಡೆಯ ಒಬ್ಬ ಹುಡುಗನು ಮೆಲ್ಲಗೆ ಕೇಳಿದನು: “ಸಾರ್, ಇದನ್ನು ಕಟ್ಟಿಸಿದವರು ನಮ್ಮನ್ನು ಆಳಿದವರು. ಇದನ್ನು ನೋಡಿ ನಾವು ಹೆಮ್ಮೆಪಡಬೇಕೋ, ನಾಚಿಕೆಪಡಬೇಕೋ?”

ಉಳಿದವರು ನಕ್ಕರು. ನಾವೂ ನಕ್ಕು, ಕಮಾನಿನ ಮಾತನ್ನು ಮುಂದುವರಿಸಿದೆವು. ಆದರೆ ಆ ಪ್ರಶ್ನೆಗೆ ನಾವು ಉತ್ತರ ಕೊಡಲಿಲ್ಲವೆಂಬುದು ನಮಗೂ ಗೊತ್ತಿತ್ತು, ಆ ಹುಡುಗನಿಗೂ ಗೊತ್ತಿತ್ತು. ಇಂದಿನ ಭಾಷಣವು ಆ ಬಾಕಿಯನ್ನು ತೀರಿಸುವ ಪ್ರಯತ್ನವೆಂದು ಕೇಳುಗರು ಭಾವಿಸಬೇಕು. ಈ ಸ್ಟೇಷನ್ನು ಯಾರದು? ಇದೇ ನಮ್ಮ ಪ್ರಶ್ನೆ. ಇದಕ್ಕೆ ಉತ್ತರ ದೊರೆಯಬೇಕಾದರೆ, ಮೊದಲು ಇದು ಹೇಗೆ ಹುಟ್ಟಿತೆಂಬುದನ್ನು ನೋಡಬೇಕು.

ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಮುಂಬಯಿಯು ಹಡಗುಗಳ ಊರು. ಎದುರಿಗೆ ಸಮುದ್ರ, ಬೆನ್ನಿಗೆ ಸಹ್ಯಾದ್ರಿ. ಘಟ್ಟದ ಮೇಲಿನ ಕಪ್ಪುನೆಲದಲ್ಲಿ ಬೆಳೆದ ಹತ್ತಿಯು ಎತ್ತಿನ ಬೆನ್ನಿನ ಮೇಲೂ ಬಂಡಿಯಲ್ಲೂ ವಾರಗಟ್ಟಲೆ ನಡೆದು, ಮಳೆಯಲ್ಲಿ ನೆನೆದು, ಧೂಳಿನಲ್ಲಿ ಹೊರಳಿ, ಬಂದರಿಗೆ ಬರುತ್ತಿದ್ದಿತು. ಇಂಗ್ಲೆಂಡಿನ ಮಗ್ಗಗಳಿಗೆ ಈ ಹತ್ತಿ ಬೇಗನೆ ಬೇಕಾಗಿದ್ದಿತು. ಇತ್ತ ಮುಂಬಯಿಯ ವರ್ತಕರಿಗೂ ರೈಲು ಬೇಕಾಗಿದ್ದಿತು. ಜಗನ್ನಾಥ ಶಂಕರಶೇಟ್ ಮತ್ತು ಜಮ್‌ಶೆಟ್‌ಜಿ ಜೀಜೀಭಾಯಿ ಎಂಬ ಇಬ್ಬರು ಮಹನೀಯರು 1840ರ ದಶಕದಲ್ಲಿಯೇ ಈ ಕಾರ್ಯಕ್ಕಾಗಿ ಓಡಾಡಿದರು. ಆದುದರಿಂದ ರೈಲು ನಮ್ಮ ದೇಶಕ್ಕೆ ಬಂದುದು ಬರಿಯ ಹೊರಗಿನವರ ಇಚ್ಛೆಯಿಂದಲೇ ಎಂದು ಹೇಳುವುದು ಸರಿಯಲ್ಲ. ಬೇಡಿದವರು ನಮ್ಮಲ್ಲೂ ಇದ್ದರು.

ಆದರೆ ಬೇಡಿದವರ ಕೈಯಲ್ಲಿ ಲೆಕ್ಕದ ಪುಸ್ತಕವಿರಲಿಲ್ಲ. 1849ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿನ ಶಾಸನದಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೇ ಕಂಪೆನಿ ಸ್ಥಾಪಿತವಾಯಿತು. ಅದಕ್ಕೂ ಈಸ್ಟ್ ಇಂಡಿಯಾ ಕಂಪೆನಿಗೂ ಆದ ಕರಾರನ್ನು ಕೇಳುಗರು ಗಮನಿಸಬೇಕು. ಭೂಮಿಯನ್ನು ಸರ್ಕಾರವೇ ಕೊಡತಕ್ಕದ್ದು. ಹಾಕಿದ ಬಂಡವಾಳಕ್ಕೆ ವರ್ಷಕ್ಕೆ ನೂರಕ್ಕೆ ಐದರಂತೆ ಲಾಭ ಬಾರದೆಹೋದರೆ, ಕೊರತೆಯನ್ನು ಸರ್ಕಾರದ ಬೊಕ್ಕಸದಿಂದ ತುಂಬಿಕೊಡತಕ್ಕದ್ದು. ಬೊಕ್ಕಸವೆಂದರೆ ಯಾರದು? ಕಂದಾಯ ಕಟ್ಟುವ ರೈತನದು, ಉಪ್ಪಿಗೆ ಸುಂಕ ಕೊಡುವ ಬಡವನದು. ರೈಲನ್ನು ಕಣ್ಣಿನಿಂದಲೂ ಕಾಣದ ಹಳ್ಳಿಗನು ಅದರ ನಷ್ಟಕ್ಕೆ ಜಾಮೀನಾದನು. ದಾದಾಭಾಯಿ ನವರೋಜಿಯಂಥವರು ಮುಂದೆ ಈ ಏರ್ಪಾಡನ್ನು ಕಟುವಾಗಿ ಟೀಕಿಸಿದುದು ಆಶ್ಚರ್ಯವಲ್ಲ.

ಅದಿರಲಿ. 1853ನೆಯ ಇಸವಿ ಏಪ್ರಿಲ್ 16ನೆಯ ತಾರೀಖು ಮಧ್ಯಾಹ್ನ, ಬೋರಿಬಂದರಿನಿಂದ ಠಾಣೆಗೆ ನಮ್ಮ ದೇಶದ ಮೊದಲನೆಯ ಪ್ರಯಾಣಿಕರ ಗಾಡಿ ಹೊರಟಿತು. ಹದಿನಾಲ್ಕು ಡಬ್ಬಿ, ಸುಮಾರು ನಾನೂರು ಮಂದಿ ಆಹ್ವಾನಿತರು, ಮೂರು ಇಂಜನ್ನುಗಳು, ಇಪ್ಪತ್ತೊಂದು ತೋಪುಗಳ ಗೌರವ, ಇಪ್ಪತ್ತೊಂದು ಮೈಲಿಗಳ ದಾರಿ. ಇಂಜನ್ನುಗಳಿಗೆ ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಹೆಸರುಗಳಿದ್ದುವೆಂದು ಪ್ರಸಿದ್ಧಿಯಿದೆ. ಆ ದಿನ ಗಾಡಿ ಹೊರಟ ಸ್ಟೇಷನ್ನು ಮಾತ್ರ ಹೆಸರಿಸುವಂಥದಾಗಿರಲಿಲ್ಲ. ಬಂದರಿನ ಅಂಚಿನಲ್ಲಿದ್ದ ಒಂದು ಸಾಧಾರಣವಾದ ಕಟ್ಟಡ. ಅರಮನೆ ಬಂದುದು ಆ ಬಳಿಕ. ಈ ನಡುವಣ ಕಾಲದಲ್ಲಿ ನಡೆದುದನ್ನು ಹೇಳದೆ ಅರಮನೆಯ ವರ್ಣನೆಗೆ ಹೋಗುವುದು ನ್ಯಾಯವಲ್ಲ.

ಠಾಣೆಯಿಂದಾಚೆಗೆ ಘಟ್ಟ. ಪುಣೆಯ ಕಡೆಗೆ ಹೋಗುವ ಭೋರ್ ಘಾಟಿನ ಕೆಲಸವು 1856ರಲ್ಲಿ ಆರಂಭವಾಗಿ 1863ರಲ್ಲಿ ಮುಗಿಯಿತು. ಹದಿನೈದು ಮೈಲಿಗಳೊಳಗೆ ದಾರಿಯು ಸುಮಾರು 1,800 ಅಡಿ ಮೇಲಕ್ಕೇರಬೇಕು. ಇಪ್ಪತ್ತೈದು ಸುರಂಗಗಳನ್ನು ಕೊರೆದರು. ಕಣಿವೆಗಳ ಮೇಲೆ ಕಲ್ಲಿನ ಸೇತುವೆಗಳನ್ನೆತ್ತಿದರು. ಕೆಲಸವು ಬಿರುಸಾಗಿದ್ದ ಕಾಲದಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಮಂದಿ ಕೂಲಿಗಳು ಆ ಕಡಿದಾದ ಬಂಡೆಗಳ ಮೇಲೆ ದುಡಿಯುತ್ತಿದ್ದರು. ಹಗ್ಗದಲ್ಲಿ ಜೋತುಬಿದ್ದು ಬಂಡೆಗೆ ಮದ್ದು ತುಂಬಿದವರು ಬಿದ್ದು ಸತ್ತರು. ಕಾಲರಾ, ಜ್ವರಗಳಿಂದ ಸತ್ತವರು ಅದಕ್ಕಿಂತಲೂ ಹೆಚ್ಚು. ಗುತ್ತಿಗೆದಾರನಾದ ಸಾಲೊಮನ್ ಟ್ರೆಡ್‌ವೆಲ್ ಎಂಬ ಇಂಗ್ಲೀಷಿನವನು 1859ರಲ್ಲಿ ಇಲ್ಲಿಗೆ ಬಂದ ಕೆಲವೇ ದಿನಗಳಲ್ಲಿ ತೀರಿಕೊಂಡನು. ಅವನ ಹೆಂಡತಿ ಆಲಿಸ್ ಎಂಬಾಕೆ ಗುತ್ತಿಗೆಯನ್ನು ತನ್ನ ಹೆಸರಿನಲ್ಲಿ ವಹಿಸಿಕೊಂಡು ಕೆಲಸವನ್ನು ನಡೆಯಿಸಿದಳು. ಆಕೆಯ ಹೆಸರು ಚರಿತ್ರೆಯಲ್ಲಿ ಉಳಿದಿದೆ. ಸತ್ತ ಸಾವಿರಾರು ಕೂಲಿಗಳಲ್ಲಿ ಒಬ್ಬನ ಹೆಸರೂ ನಮಗೆ ದೊರೆಯುವುದಿಲ್ಲ. ಇಂದು ನಾವು ಖಂಡಾಲದ ಬಳಿ ಗಾಡಿಯ ಕಿಟಕಿಯಿಂದ ಜಲಪಾತವನ್ನು ನೋಡಿ ಆನಂದಪಡುವಾಗ, ಅವರ ನೆತ್ತರಿನ ಮೇಲೆಯೇ ಸಾಗುತ್ತಿರುತ್ತೇವೆ.

ಘಟ್ಟವನ್ನು ಗೆದ್ದ ಮೇಲೆ ದಾರಿಯು ವೇಗವಾಗಿ ಬೆಳೆಯಿತು. ಸೊಲ್ಲಾಪುರವನ್ನು ದಾಟಿ, ಕಲಬುರಗಿ, ವಾಡಿಗಳ ಮೇಲೆ ಹಾದು, 1871ರಲ್ಲಿ ಅದು ನಮ್ಮ ರಾಯಚೂರನ್ನು ಮುಟ್ಟಿತು. ಮದರಾಸಿನ ಕಡೆಯಿಂದ ಬಂದ ರೈಲು ಅಲ್ಲಿಯೇ ಅದನ್ನು ಕೂಡಿಕೊಂಡಿತು. ಹೀಗೆ ಅರಬ್ಬೀ ಸಮುದ್ರವನ್ನೂ ಬಂಗಾಳಕೊಲ್ಲಿಯನ್ನೂ ಕಟ್ಟಿದ ಕಬ್ಬಿಣದ ಗಂಟು ಬಿದ್ದುದು ಕನ್ನಡ ನೆಲದಲ್ಲಿ. ಇದು ನಮ್ಮಲ್ಲಿ ಎಷ್ಟು ಮಂದಿಗೆ ನೆನಪಿದೆಯೋ ತಿಳಿಯದು.

ಇಷ್ಟರಲ್ಲಿ ಮುಂಬಯಿಯೂ ಬದಲಾಗಿದ್ದಿತು. 1861ರಿಂದ 1865ರ ವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು, ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಿತು. ಮುಂಬಯಿಯ ಹತ್ತಿಗೆ ಹೊನ್ನಿನ ಬೆಲೆ ಬಂದಿತು. ಗವರ್ನರ್ ಬಾರ್ಟಲ್ ಫ್ರಿಯರನ ಕಾಲದಲ್ಲಿ ಹಳೆಯ ಕೋಟೆಯ ಗೋಡೆಗಳನ್ನು ಕೆಡವಿ ಊರನ್ನು ಬಿಡಿಸಿದರು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಯೂರೋಪು ಹತ್ತಿರವಾಯಿತು. ಕೋಟೆಯಿಲ್ಲದ ಊರಿಗೆ ಒಂದು ಬಾಗಿಲು ಬೇಕಾಗಿದ್ದಿತು. ಕಂಪೆನಿಗೂ ತನ್ನ ಐಶ್ವರ್ಯವನ್ನು ಜನರ ಕಣ್ಣಿಗೆ ತೋರಿಸಬೇಕೆಂಬ ಆಸೆ ಇದ್ದಿತು.

ಈ ಕೆಲಸವನ್ನು ಫ್ರೆಡರಿಕ್ ವಿಲಿಯಂ ಸ್ಟೀವನ್ಸ್ ಎಂಬ ಶಿಲ್ಪಿಗೆ ಒಪ್ಪಿಸಿದರು. ಈತನು 1847ರಲ್ಲಿ ಇಂಗ್ಲೆಂಡಿನ ಬಾತ್ ಎಂಬ ಊರಿನಲ್ಲಿ ಹುಟ್ಟಿ, ಇಪ್ಪತ್ತನೆಯ ವಯಸ್ಸಿನಲ್ಲಿ ಮರಾಮತ್ತು ಇಲಾಖೆಯ ಕೆಲಸಕ್ಕಾಗಿ ಹಿಂದೂದೇಶಕ್ಕೆ ಬಂದವನು. ಸ್ಟೇಷನ್ನಿನ ಯೋಜನೆಯನ್ನು ಕೈಕೊಂಡ ಮೇಲೆ ಹತ್ತು ತಿಂಗಳು ಯೂರೋಪಿನಲ್ಲಿ ತಿರುಗಿ, ಅಲ್ಲಿಯ ದೊಡ್ಡ ದೊಡ್ಡ ಸ್ಟೇಷನ್ನುಗಳನ್ನು ನೋಡಿಕೊಂಡು ಬಂದನು. 1878ರಲ್ಲಿ ಕೆಲಸ ಆರಂಭವಾಗಿ ಸುಮಾರು ಹತ್ತು ವರ್ಷ ನಡೆಯಿತು. 1887ರಲ್ಲಿ ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ ಐವತ್ತು ವರ್ಷ ತುಂಬಿದ ಸಂದರ್ಭದಲ್ಲಿ ಅದಕ್ಕೆ ಆಕೆಯ ಹೆಸರನ್ನಿಟ್ಟರು. ಕಚೇರಿಯ ಕಟ್ಟಡಕ್ಕೆ ತಗುಲಿದ ವೆಚ್ಚವು 16 ಲಕ್ಷ ರೂಪಾಯಿಗಳಿಗೆ ಮೇಲ್ಪಟ್ಟಿತು. ಆ ಕಾಲದ ಮುಂಬಯಿಯಲ್ಲಿ ಇಷ್ಟು ಹಣವನ್ನು ನುಂಗಿದ ಕಟ್ಟಡ ಅಪರೂಪವೆಂದೇ ಹೇಳಬೇಕು.

ಕಟ್ಟಡದ ರೂಪವನ್ನು ಮಾತಿನಲ್ಲಿ ತೋರಿಸುವುದು ಕಷ್ಟ. ಆದರೂ ಕಣ್ಣುಮುಚ್ಚಿಕೊಂಡು ಕೇಳಿದರೆ ಸ್ವಲ್ಪಮಟ್ಟಿಗೆ ಕಾಣಬಹುದು. ಎರಡು ಕೈಗಳನ್ನು ಮುಂದಕ್ಕೆ ಚಾಚಿ ಊರನ್ನು ಬರಮಾಡಿಕೊಳ್ಳುವಂತೆ, ನಡುವೆ ಅಂಗಳವನ್ನು ಬಿಟ್ಟು ಮೂರು ಕಡೆಗೆ ಎದ್ದ ಕಲ್ಲಿನ ಭವನ. ನಡುವೆ ಎಂಟು ಮೂಲೆಗಳ ಎತ್ತರವಾದ ಗುಮ್ಮಟ. ಕೆಳಗೆ ಮರದ ಆಸರೆಯನ್ನು ಕಟ್ಟದೆಯೇ ಕಲ್ಲಿಗೆ ಕಲ್ಲನ್ನು ಕಚ್ಚಿಸಿ ಈ ಗುಮ್ಮಟವನ್ನು ಮೇಲಕ್ಕೆತ್ತಿದರೆಂದು ಹೇಳುತ್ತಾರೆ. ಅದರ ನೆತ್ತಿಯಲ್ಲಿ ಒಂದು ಕೈಯಲ್ಲಿ ಪಂಜು, ಮತ್ತೊಂದು ಕೈಯ ಬಳಿ ಗಾಲಿ ಹಿಡಿದು ನಿಂತ ಸ್ತ್ರೀಮೂರ್ತಿ. ಆಕೆಯ ಹೆಸರು ಪ್ರಗತಿ. ಮಹಾದ್ವಾರದ ಕಂಬಗಳಲ್ಲೊಂದರ ಮೇಲೆ ಸಿಂಹ, ಇನ್ನೊಂದರ ಮೇಲೆ ಹುಲಿ. ಸಿಂಹವೆಂದರೆ ಇಂಗ್ಲೆಂಡು, ಹುಲಿಯೆಂದರೆ ಹಿಂದೂದೇಶ. ಮುಂಭಾಗದ ಗೋಡೆಯಲ್ಲಿ ಕಂಪೆನಿಯ ದೊಡ್ಡವರ ಮುಖಗಳನ್ನು ಬಿಲ್ಲೆಗಳಲ್ಲಿ ಕೆತ್ತಿದ್ದಾರೆ. ಅವುಗಳ ನಡುವೆ ಜಗನ್ನಾಥ ಶಂಕರಶೇಟರಿಗೂ ಜಮ್‌ಶೆಟ್‌ಜಿಯವರಿಗೂ ಸ್ಥಾನ ದೊರೆತಿದೆ.

ಇಷ್ಟನ್ನು ಪ್ರವಾಸದ ಪುಸ್ತಕಗಳೆಲ್ಲವೂ ಹೇಳುತ್ತವೆ. ನಮ್ಮನ್ನು ಹೆಚ್ಚಾಗಿ ಹಿಡಿದು ನಿಲ್ಲಿಸಿದುದು ಬೇರೆಯದು. ಕಂಬದ ತಲೆಗಳಲ್ಲಿಯೂ, ಕಮಾನಿನ ಸಂದುಗಳಲ್ಲಿಯೂ, ನೀರು ಸುರಿಯುವ ದೋಣಿಗಳ ಬಾಯಲ್ಲಿಯೂ ನಮ್ಮ ದೇಶದ ಎಲೆ, ಹೂವು, ಪ್ರಾಣಿಗಳು ತುಂಬಿವೆ. ನವಿಲು ಗರಿಗೆದರಿದೆ. ಕೋತಿ ಇಣಿಕುತ್ತಿದೆ. ಅಳಿಲು, ಹಲ್ಲಿ, ಹಾವುಗಳಿಗೂ ಅಲ್ಲಿ ಎಡೆಯುಂಟು. ಇವನ್ನು ಕೆತ್ತಿದವರಾರು? ಜಮ್‌ಶೆಟ್‌ಜಿಯವರ ದಾನದಿಂದ 1857ರಲ್ಲಿ ಆರಂಭವಾದ ಮುಂಬಯಿಯ ಕಲಾಶಾಲೆಯ ವಿದ್ಯಾರ್ಥಿಗಳು. ಉಪಾಧ್ಯಾಯರ ಮೇಲ್ವಿಚಾರಣೆಯಲ್ಲಿ ಉಳಿ ಹಿಡಿದ ಆ ಹುಡುಗರು, ಇಟಲಿ, ಇಂಗ್ಲೆಂಡುಗಳಿಂದ ಬಂದ ಕಮಾನಿನ ಚೌಕಟ್ಟಿನೊಳಗೆ ತಾವು ಬೀದಿಯಲ್ಲಿ, ತೋಟದಲ್ಲಿ ಕಂಡುದನ್ನು ತಂದಿಟ್ಟರು. ಮನೆಯ ನಕ್ಷೆಯು ಹೊರಗಿನವನದು. ಗೋಡೆಯ ಮೇಲೆ ಕೈಯಾಡಿಸಿದವರು ಮನೆಯ ಮಕ್ಕಳು. ಸ್ಟೀವನ್ಸನ ಕೈಕೆಳಗೆ ಸಹಾಯಕ ಇಂಜನಿಯರಾಗಿ ದುಡಿದವರು ಸೀತಾರಾಮ ಖಂಡೇರಾವ್ ಎಂಬವರು. ಇಂಥ ಒಂದೆರಡು ಹೆಸರುಗಳು ಉಳಿದುವು; ಉಳಿದ ಕೈಗಳ ಗುರುತು ಕಲ್ಲಿನಲ್ಲಿ ಮಾತ್ರವೇ ಇದೆ.

ಹಾಗಾದರೆ ಈ ಅರಮನೆಯು ಎಲ್ಲರಿಗೂ ಅರಮನೆಯಾಗಿದ್ದಿತೋ ಎಂದು ಕೇಳಬಹುದು. ಇಲ್ಲ. ಗುಮ್ಮಟ, ಮೆಟ್ಟಲು, ಬಣ್ಣದ ಗಾಜು ಇವೆಲ್ಲವೂ ಕಂಪೆನಿಯ ಅಧಿಕಾರಿಗಳ ಕಚೇರಿಗಾಗಿ ಇದ್ದುವು. ಗಾಡಿಗಳಲ್ಲಿ ಮೊದಲನೆಯ, ಎರಡನೆಯ, ಮೂರನೆಯ ತರಗತಿಗಳೆಂಬ ಭೇದವಿದ್ದಿತು. ಕಂಪೆನಿಗೆ ಹೆಚ್ಚು ಹಣ ಬರುತ್ತಿದ್ದುದು ಮೂರನೆಯ ತರಗತಿಯ ಜನರಿಂದ, ಹೆಚ್ಚು ಉಪಚಾರ ನಡೆಯುತ್ತಿದ್ದುದು ಮೊದಲನೆಯ ತರಗತಿಯವರಿಗೆ. ಗಾಂಧಿಯವರು 1917ರಲ್ಲಿ ಮೂರನೆಯ ತರಗತಿಯ ಪ್ರಯಾಣಿಕರ ಕಷ್ಟವನ್ನು ಕುರಿತು ಬರೆದುದು ಪ್ರಸಿದ್ಧವಾಗಿದೆ. ಆ ತರಗತಿಯೇ ಹೋದುದು 1974ರಲ್ಲಿ. ಹೀಗೆ ಒಂದೇ ಸೂರಿನ ಕೆಳಗೆ ವೈಭವವೂ ಅವಮಾನವೂ ಅಕ್ಕಪಕ್ಕದಲ್ಲಿ ಬಾಳಿದುವು. ನಮ್ಮ ವಿದ್ಯಾರ್ಥಿಯ ಪ್ರಶ್ನೆಯು ಹುಟ್ಟಿದುದು ಈ ನೋವಿನಿಂದಲೇ ಸರಿ. ಅದನ್ನು ಮುಚ್ಚಿಟ್ಟು ಕಟ್ಟಡವನ್ನು ಹೊಗಳುವುದು ಅರ್ಧ ಸತ್ಯವಾಗುವುದು.

ಇನ್ನು ಉಳಿದರ್ಧವನ್ನು ನೋಡೋಣ. 1900ರಲ್ಲಿ ಸರ್ಕಾರವು ಈ ರೈಲ್ವೆಯನ್ನು ಕಂಪೆನಿಯಿಂದ ಕೊಂಡುಕೊಂಡಿತು. ಆಮೇಲೂ ಆಡಳಿತವನ್ನು ಕಂಪೆನಿಯೇ ನಡೆಯಿಸುತ್ತಿದ್ದು, 1925ರಲ್ಲಿ ಅದು ಪೂರ್ತಿಯಾಗಿ ಸರ್ಕಾರದ ವಶಕ್ಕೆ ಬಂದಿತು. ಅದೇ ವರ್ಷ ಫೆಬ್ರವರಿ 3ನೆಯ ತಾರೀಖು ನಮ್ಮ ದೇಶದ ಮೊದಲನೆಯ ವಿದ್ಯುತ್ ಗಾಡಿಯು ಇಲ್ಲಿಂದ ಕುರ್ಲಾಕ್ಕೆ ಓಡಿತು. 1929ರಲ್ಲಿ ದೂರದ ಗಾಡಿಗಳಿಗಾಗಿ ಸ್ಟೇಷನ್ನನ್ನು ವಿಸ್ತರಿಸಿದರು. ವಿದ್ಯುತ್ ಗಾಡಿ ಬಂದ ಮೇಲೆ ಕಥೆಯೇ ಬೇರೆಯಾಯಿತು. ದೂರದ ಯಾತ್ರೆಗೆ ವರ್ಷಕ್ಕೊಮ್ಮೆ ಬರುತ್ತಿದ್ದ ಸ್ಟೇಷನ್ನಿಗೆ ಗುಮಾಸ್ತನೂ, ಗಿರಣಿಯ ಕೆಲಸಗಾರನೂ, ಶಾಲೆಯ ಮಾಸ್ತರನೂ, ಊಟದ ಡಬ್ಬಿ ಹೊತ್ತವನೂ ದಿನಕ್ಕೆರಡು ಸಲ ಬರತೊಡಗಿದರು. ಇಂದು ಅಲ್ಲಿ ಹದಿನೆಂಟು ಪ್ಲಾಟ್‌ಫಾರಂಗಳಿವೆ. ಅವುಗಳಲ್ಲಿ ಏಳು ಉಪನಗರದ ಗಾಡಿಗಳಿಗೆ ಮೀಸಲಾಗಿವೆ. ಬೆಳಗ್ಗೆ ಒಂಬತ್ತು ಗಂಟೆಗೆ ಅಲ್ಲಿ ನಿಂತು ನೋಡಿದವನು, ಗಾಡಿ ನಿಲ್ಲುವುದಕ್ಕೆ ಮುಂಚೆಯೇ ಹೊರಚೆಲ್ಲುವ ಆ ಜನಪ್ರವಾಹವನ್ನು ಮರೆಯಲಾರನು. ಯಾರೊಬ್ಬರೂ ಗುಮ್ಮಟದ ಕಡೆಗೆ ತಲೆಯೆತ್ತಿ ನೋಡುವುದಿಲ್ಲ. ತಮ್ಮ ಮನೆಯ ಜಗುಲಿಯನ್ನು ದಾಟುವಾಗ ಯಾರು ತಾನೇ ತಲೆಯೆತ್ತಿ ನೋಡುತ್ತಾರೆ?

ಈ ಜನಪ್ರವಾಹದಲ್ಲಿ ನಮ್ಮವರ ಪಾಲೂ ಉಂಟು. 1956ರ ನವೆಂಬರ್ 1ರ ವರೆಗೆ ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳವರಿಗೆ ರಾಜಧಾನಿಯು ಮುಂಬಯಿಯೇ. ಧಾರವಾಡದ ಕರ್ನಾಟಕ ಕಾಲೇಜು 1917ರಲ್ಲಿ ಹುಟ್ಟಿದಾಗ ಅದರ ಪರೀಕ್ಷೆಗಳೆಲ್ಲವೂ ಮುಂಬಯಿ ವಿಶ್ವವಿದ್ಯಾನಿಲಯದವು. ಕೆಳಗಿನ ಕೋರ್ಟಿನಲ್ಲಿ ಸೋತ ಹೊಲದ ವ್ಯಾಜ್ಯವು ಅಪೀಲಾಗಿ ಹೋಗುತ್ತಿದ್ದುದು ಮುಂಬಯಿಯ ಹೈಕೋರ್ಟಿಗೆ. ಹುಬ್ಬಳ್ಳಿಯ ಕಡೆಯಿಂದ ಹೊರಟವರು ಮೀಟರ್ ಗೇಜಿನ ಗಾಡಿಯಲ್ಲಿ ಪುಣೆಯ ವರೆಗೆ ಬಂದು, ಅಲ್ಲಿ ಬುತ್ತಿಯ ಗಂಟನ್ನೂ ಕಾಗದಪತ್ರದ ಚೀಲವನ್ನೂ ಇನ್ನೊಂದು ಗಾಡಿಗೆ ಸಾಗಿಸಿಕೊಂಡು ಮುಂಬಯಿಗೆ ಇಳಿಯುತ್ತಿದ್ದರು. ದಕ್ಷಿಣ ಕನ್ನಡದವರು ಬಹುಕಾಲ ಹಡಗನ್ನೇ ನಂಬಿದ್ದರು; 1998ರಲ್ಲಿ ಕೊಂಕಣ ರೈಲ್ವೆ ಪೂರ್ಣವಾದ ಮೇಲೆ ಅವರಿಗೂ ಮಂಗಳೂರಿನಿಂದ ರೈಲಿನ ನೇರದಾರಿ ದೊರೆಯಿತು. ನಮ್ಮ ಆ ವಿದ್ಯಾರ್ಥಿಯ ಮುತ್ತಜ್ಜನು ಯಾವುದೋ ಅಪೀಲಿನ ಕೆಲಸಕ್ಕಾಗಿ ಇದೇ ಬಾಗಿಲಿನಲ್ಲಿ ರುಮಾಲನ್ನು ಸರಿಪಡಿಸಿಕೊಂಡು ಹೊರಗೆ ಬಂದಿದ್ದರೂ ಬಂದಿರಬಹುದು.

ಹೆಸರಿನ ಮಾತನ್ನೂ ಇಲ್ಲಿಯೇ ಆಡಿಬಿಡೋಣ. ಮೊದಲು ಬೋರಿಬಂದರು, ಆಮೇಲೆ ವಿಕ್ಟೋರಿಯಾ ಟರ್ಮಿನಸ್, 1996ರಲ್ಲಿ ಛತ್ರಪತಿ ಶಿವಾಜಿ ಟರ್ಮಿನಸ್, 2017ರಲ್ಲಿ ಅದಕ್ಕೆ ಮಹಾರಾಜ್ ಎಂಬ ಪದವೂ ಸೇರಿತು. ಮುಂಭಾಗದ ಗೂಡಿನಲ್ಲಿ ನಿಂತಿದ್ದ ರಾಣಿಯ ಪ್ರತಿಮೆಯನ್ನು ಸ್ವಾತಂತ್ರ್ಯ ಬಂದ ಮೇಲೆ ತೆಗೆದರು. ಆದರೂ ಹಳೆಯ ಟ್ಯಾಕ್ಸಿಯವನಿಗೆ ಅದು ಇಂದಿಗೂ ವೀಟಿ. ಸಂಗೊಳ್ಳಿ ರಾಯಣ್ಣನ ಹೆಸರನ್ನು ಹೊತ್ತಿರುವ ನಮ್ಮ ಬೆಂಗಳೂರಿನ ಸ್ಟೇಷನ್ನನ್ನೂ ಅನೇಕರು ಸಿಟಿ ಸ್ಟೇಷನ್ನೆಂದೇ ಕರೆಯುವುದಿಲ್ಲವೆ? ಹೆಸರಿಡುವುದು ಕಾಲಕ್ಕೊಪ್ಪುವ ಗೌರವ. ಅದನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಒಂದು ಕಟ್ಟಡವು ನಮ್ಮದಾಗುವುದು ಹೆಸರಿನ ಹಲಗೆಯಿಂದ ಮಾತ್ರವಲ್ಲ. ಬೇರೆ ಯಾವುದರಿಂದ ಎಂಬುದು 2008ನೆಯ ಇಸವಿಯ ಒಂದು ರಾತ್ರಿ ಎಲ್ಲರಿಗೂ ತಿಳಿಯಿತು.

ಆ ವರ್ಷ ನವೆಂಬರ್ 26ನೆಯ ತಾರೀಖು ರಾತ್ರಿ ಸುಮಾರು ಒಂಬತ್ತೂವರೆ ಗಂಟೆಯ ವೇಳೆಯಲ್ಲಿ, ದೂರದ ಗಾಡಿಗಳಿಗಾಗಿ ಕಾದು ಕುಳಿತಿದ್ದ ಜನರ ಮೇಲೆ ಇಬ್ಬರು ಭಯೋತ್ಪಾದಕರು ಗುಂಡಿನ ಮಳೆಗರೆದರು. ಐವತ್ತೆಂಟು ಮಂದಿ ಸತ್ತರು. ನೂರಕ್ಕಿಂತ ಹೆಚ್ಚು ಮಂದಿ ಗಾಯಗೊಂಡರು. ಸತ್ತವರಲ್ಲಿ ಬಹುಮಂದಿ ಗಂಟುಮೂಟೆಯೊಡನೆ ನೆಲದ ಮೇಲೆ ಕುಳಿತಿದ್ದ ಸಾಮಾನ್ಯ ಪ್ರಯಾಣಿಕರು. ಆಗ ಉಪನಗರದ ಪ್ಲಾಟ್‌ಫಾರಂಗಳ ಮೇಲುಗಡೆ, ಗಾಜಿನ ಸಣ್ಣ ಕೋಣೆಯಲ್ಲಿ, ಗಾಡಿಗಳ ಬರವು ಹೋಕುಗಳನ್ನು ಸಾರುವ ಒಬ್ಬ ನೌಕರನು ಕುಳಿತಿದ್ದನು. ಆತನು ಓಡಿಹೋಗಲಿಲ್ಲ. ಧ್ವನಿವರ್ಧಕದ ಮುಂದೆ ಕುಳಿತು, ಆ ಕಡೆಗೆ ಹೋಗಬೇಡಿ, ಹಿಂದಿನ ಬಾಗಿಲಿನಿಂದ ಹೊರಗೆ ಹೊರಡಿ ಎಂದು ಹಿಂದಿಯಲ್ಲಿಯೂ ಮರಾಠಿಯಲ್ಲಿಯೂ ಮತ್ತೆ ಮತ್ತೆ ಹೇಳಿದನು. ಗುಂಡುಗಳು ಆತನ ಕೋಣೆಗೂ ಬಿದ್ದುವು. ಆಗತಾನೇ ಗಾಡಿಯಿಂದಿಳಿದ ನೂರಾರು ಜನರು ಆ ಧ್ವನಿಯನ್ನು ನಂಬಿ ಬದುಕಿಕೊಂಡರು. ನಾವು ಇಲ್ಲಿ ಧ್ವನಿಯಂತ್ರದ ಮುಂದೆ ಸುರಕ್ಷಿತವಾಗಿ ಕುಳಿತು ಮಾತನಾಡುತ್ತಿದ್ದೇವೆ. ಆದುದರಿಂದ ಆ ಧ್ವನಿಯ ನೆನಪು ಇಂದು ವಿಶೇಷವಾಗಿ ಬರುತ್ತದೆ. ಮರುದಿನ ಬೆಳಗ್ಗೆ ನೆಲವನ್ನು ತೊಳೆದರು, ಗಾಡಿಗಳು ಓಡಿದುವು, ಜನರು ಬಂದರು.

ಇನ್ನು ಕಡೆಯದಾಗಿ ಒಂದು ಮಾತು. 2004ರ ಜುಲೈಯಲ್ಲಿ ಯುನೆಸ್ಕೋ ಸಂಸ್ಥೆಯು ಈ ಸ್ಟೇಷನ್ನನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಯಲ್ಲಿರುವ ಅನೇಕ ಸ್ಮಾರಕಗಳಲ್ಲಿ ದೇವರಿಲ್ಲ, ಅರಸನಿಲ್ಲ; ನೋಡುವವರು ಮಾತ್ರ ಇದ್ದಾರೆ. ಇಲ್ಲಿ ಹಾಗಲ್ಲ. ಯಾವ ಕೆಲಸಕ್ಕಾಗಿ ಕಟ್ಟಿದರೋ ಆ ಕೆಲಸವನ್ನು ಅದು ಇಂದಿಗೂ ಮಾಡುತ್ತಿದೆ. 1951ರಲ್ಲಿ ರಚಿತವಾದ ಮಧ್ಯ ರೈಲ್ವೆಯ ಕೇಂದ್ರ ಕಚೇರಿಯೂ ಆ ಗುಮ್ಮಟದ ಕೆಳಗೇ ಇದೆ. ಇದು ಭಾಗ್ಯವೂ ಹೌದು, ಅಪಾಯವೂ ಹೌದು. ದುಡಿಯುವ ಕಟ್ಟಡಕ್ಕೆ ಹೊಸ ತಂತಿ ಬೇಕು, ಹೊಸ ನಳ ಬೇಕು, ಹೊಸ ಬಾಗಿಲು ಬೇಕು. ಒಂದೊಂದಕ್ಕೂ ಗೋಡೆಯಲ್ಲಿ ಒಂದೊಂದು ಮೊಳೆ ಹೊಡೆಯುತ್ತಾ ಹೋದರೆ ನವಿಲಿನ ಗರಿ ಉಳಿಯುವುದಿಲ್ಲ. 2022ರಲ್ಲಿ ಕೇಂದ್ರ ಸರ್ಕಾರವು ಈ ಸ್ಟೇಷನ್ನಿನ ಪುನರಭಿವೃದ್ಧಿಗೆ ಒಪ್ಪಿಗೆ ಕೊಟ್ಟಿತು. ಇದು ಬೇಕಾದ ಕೆಲಸವೇ. ಜನದ ಒತ್ತಡವು ಅಷ್ಟಿದೆ. ಆದರೆ ಎಚ್ಚರವೂ ಬೇಕು. ನ್ಯೂಯಾರ್ಕ್ ನಗರದಲ್ಲಿ 1910ರಲ್ಲಿ ತೆರೆದ ಪೆನ್ಸಿಲ್ವೇನಿಯಾ ಸ್ಟೇಷನ್ ಎಂಬ ಮಹಾಭವನವನ್ನು, ಲಾಭವಿಲ್ಲವೆಂಬ ಕಾರಣದಿಂದ 1963ರಲ್ಲಿ ಕೆಡವತೊಡಗಿದರು. ಕೆಡವಿದ ಮೇಲೆ ಆ ಊರಿನವರು ಪರಿತಪಿಸಿದರು. ಹಳೆಯ ಕಟ್ಟಡಗಳನ್ನು ಕಾಪಾಡುವ ಕಾನೂನು ಅಲ್ಲಿ ಹುಟ್ಟಿದುದು 1965ರಲ್ಲಿ. ಹೋದ ಸ್ಟೇಷನ್ನು ಮರಳಿ ಬರಲಿಲ್ಲ.

ಈಗ ನಮ್ಮ ವಿದ್ಯಾರ್ಥಿಗೆ ಕೊಡಬೇಕಾದ ಉತ್ತರಕ್ಕೆ ಬರೋಣ. ಈ ಸ್ಟೇಷನ್ನಿನ ನಷ್ಟಕ್ಕೆ ಜಾಮೀನು ನಿಂತವನು ನಮ್ಮ ರೈತ. ಇದಕ್ಕೆ ಬರುವ ದಾರಿಯಲ್ಲಿ ಬಂಡೆಯನ್ನೊಡೆದು ಸತ್ತವನು ನಮ್ಮ ಕೂಲಿ. ಇದರ ಗೋಡೆಯಲ್ಲಿ ಅಳಿಲನ್ನು ಕೆತ್ತಿದವನು ನಮ್ಮ ಹುಡುಗ. ಮೂರನೆಯ ತರಗತಿಯ ಹಲಗೆಯ ಮೇಲೆ ಕುಳಿತು ಇದರ ಖರ್ಚನ್ನು ತುಂಬಿದವನು ನಮ್ಮ ಬಡವ. ಗುಂಡು ಹಾರುವಾಗ ಇದರಲ್ಲಿದ್ದವರನ್ನು ಬದುಕಿಸಿದ ಧ್ವನಿ ನಮ್ಮದು. ಕಟ್ಟಿಸಿದವನ ಅಹಂಕಾರವು ಅವನೊಡನೆ ಹೋಯಿತು. ಬೆಲೆಯನ್ನು ಮಾತ್ರ ನಾವು ಕೊಟ್ಟೆವು. ಹೀಗಿರುವಾಗ, ಬೆಲೆ ಕೊಟ್ಟ ಮನೆಯನ್ನು ನಮ್ಮದಲ್ಲವೆಂದು ಬಿಟ್ಟುಬಿಡುವುದು ಜಾಣತನವೇ? ನಾಚಿಕೆಪಡಬೇಕಾದುದು ಒಂದೇ ಸಂದರ್ಭದಲ್ಲಿ: ಇಷ್ಟು ಬೆಲೆ ತೆತ್ತು ಪಡೆದುದನ್ನು ನಾವು ಕೆಡಿಸಿಕೊಂಡರೆ.

ಆ ಹುಡುಗನು ಈಗ ಎಲ್ಲಿಯೋ ಕೆಲಸದಲ್ಲಿದ್ದಾನೆ. ಈ ಮಾತುಗಳು ಅವನ ಕಿವಿಗೆ ಬೀಳುವುವೋ ಇಲ್ಲವೋ ನಾವರಿಯೆವು. ಕೇಳುಗರಲ್ಲಿ ಯಾರಾದರೂ ಮುಂದೆ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಅಲ್ಲಿಗೆ ಹೋದರೆ, ಪೆಟ್ಟಿಗೆಗಳನ್ನು ಎಣಿಸಿಕೊಂಡ ಮೇಲೆ, ಹೊರಗಿನ ಅಂಗಳಕ್ಕೆ ಬಂದು ಒಂದು ನಿಮಿಷ ಹಿಂದಿರುಗಿ ನೋಡಬೇಕೆಂದು ನಮ್ಮ ಬಿನ್ನಹ. ಗುಮ್ಮಟವನ್ನು ಎಲ್ಲರೂ ನೋಡುತ್ತಾರೆ. ತಾವು ಅದರ ಕೆಳಗಿನ ಕಂಬದ ತಲೆಯಲ್ಲಿರುವ ಸಣ್ಣ ಎಲೆಯೊಂದನ್ನಾದರೂ ನೋಡಿರಿ. ಅದನ್ನು ಕೆತ್ತಿದ ಹುಡುಗನಿಗೆ ಮನಸ್ಸಿನಲ್ಲಿಯೇ ಒಂದು ನಮಸ್ಕಾರವನ್ನು ಹೇಳಿರಿ. ಅವನಿಗೆ ಸಲ್ಲಬೇಕಾದ ಗೌರವವು ಬಹಳ ಕಾಲದಿಂದ ಬಾಕಿಯಿದೆ.